ಕೋಸಿನ ಮೇಲೆ ಸುರಿದ ಬಿಳಿ ನೀರು

ಆ ದೊಡ್ಡ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ತರಕಾರಿಯನ್ನು ಪ್ರತಿ ಸಂಜೆ ಹಿಂಬಾಗಿಲ ಓಣಿಗೆ ತಂದಿಟ್ಟು, ಅದರ ಮೇಲೆ ಫಿನಾಯಿಲ್ ಸುರಿಸುತ್ತಿದ್ದರು. ಯಾರೂ ಎತ್ತಿಕೊಂಡು ಹೋಗಿ ತಿನ್ನಬಾರದೆಂದು.

ಅವಳು ಅದನ್ನು ಮೊದಲ ಸಲ ಕಣ್ಣಾರೆ ಕಂಡದ್ದು ಸಂಬಳ ಇನ್ನೂ ದೂರವಿದ್ದ ಒಂದು ಸಂಜೆ.

ಆಸ್ಪತ್ರೆಯ ವಾರ್ಡುಗಳ ನೆಲ ಒರೆಸಿ, ಸೊಂಟ ಹಿಡಿದುಕೊಂಡು ಬಂದಿದ್ದಳು. ಕೈಚೀಲದಲ್ಲಿ ಬೇಳೆಯ ಪೊಟ್ಟಣವೊಂದು ಬಿಟ್ಟರೆ ಮತ್ತೇನಿಲ್ಲ. ಮನೆಯಲ್ಲಿ ಅಜ್ಜಿ, ಬೆನ್ನಿಗೆ ಪೆಟ್ಟಾಗಿ ಹಾಸಿಗೆ ಹಿಡಿದ ಅಪ್ಪ, ಎಷ್ಟು ಬಡಿಸಿದರೂ ತಟ್ಟೆ ನೆಕ್ಕುವ ವಯಸ್ಸಿನ ತಂಗಿ. ಆ ಬೇಳೆಗೆ ಜೊತೆಯಾಗಿ ಏನಾದರೂ ಬೇಕೇ ಬೇಕಿತ್ತು.

ಓಣಿಯಲ್ಲಿಟ್ಟ ಪೆಟ್ಟಿಗೆಯಲ್ಲಿ ಕೋಸುಗಳು ಕಂಡವು. ದಪ್ಪ, ದುಂಡು... ಮೇಲಿನ ಎಲೆ ಬಾಡಿದ್ದೊಂದೇ ಅವು ಮಾಡಿದ ತಪ್ಪು!

ಕೈ ಚಾಚಿದಳು. ಅದೇ ಕ್ಷಣ, ಆ ಕೋಸುಗಳ ಮೇಲೆ ಬೆಳ್ಳನೆಯ ನೀರು ದಬದಬನೆ ಸುರಿಯಿತು.

"ಏಯ್! ತಿನ್ನೋ ವಸ್ತು ಮೇಲೆ ಫಿನಾಯಿಲ್ ಹಾಕ್ತೀಯಾ? ನಿನ್ ಕೈ ಸೇದಿಹೋಗ!"

ಡಬ್ಬ ಹಿಡಿದಿದ್ದವನು ತರಕಾರಿ ತೂಗುವ ನೌಕರ. ಅಂಗಡಿಯಲ್ಲಿ ಎಲ್ಲರೂ ಅವನನ್ನು 'ತಕ್ಕಡಿ' ಎಂದೇ ಕರೆಯುತ್ತಿದ್ದರು. ಅವನು ಒಮ್ಮೆ ಮಹಡಿಯ ಗಾಜಿನ ಕಿಟಕಿಯತ್ತ ಕಣ್ಣು ಹಾಯಿಸಿದ. ಒಳಗೆ ಮ್ಯಾನೇಜರ್ ಲೋಟ ಹಿಡಿದು ನಿಂತು ನೋಡುತ್ತಿದ್ದ.

"ಇದು ನನ್ ಕೆಲಸ ಮೇಡಂ!" ಜೋರಾಗಿ ಅಂದ. ಆಮೇಲೆ ತುಟಿ ಅಲ್ಲಾಡಿತೋ ಇಲ್ಲವೋ ಎಂಬಂತೆ, "ಮೇಲಿನ ಎಲೆ ಕಿತ್ತುಹಾಕಿ. ಒಳಗೆ ಚೆನ್ನಾಗಿರುತ್ತೆ."

ಗೇಲಿ! ಹಸಿದವರನ್ನು ಕಂಡರೆ ಇವನಿಗೆ ಗೇಲಿ!

ಅವಳ ಕಣ್ಣು ಉರಿಯಿತು. 'ಥೂ... ಇವನೂ ಒಬ್ಬ ಮನುಷ್ಯನಾ?' ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ತಂಗಿಯ ಖಾಲಿ ತಟ್ಟೆ ನೆನಪಾಯಿತು. ಬೈಗುಳ ನುಂಗಿಕೊಂಡಳು, ಒಂದು ಕೋಸು ಕಿತ್ತುಕೊಂಡಳು, ತಿರುಗಿ ನೋಡದೆ ಓಡಿದಳು.

ಅವನು ಹೇಳಿದ್ದನ್ನೇ ಮಾಡಲು ಹೊರಟಿದ್ದೇನಲ್ಲ ಎಂಬ ಅವಮಾನ ದಾರಿಯುದ್ದಕ್ಕೂ ಅವಳನ್ನು ಚುಚ್ಚಿತು.

ಅಡುಗೆಮನೆಯಲ್ಲಿ ಅಜ್ಜಿ ಕೋಸನ್ನು ಕೈಗೆತ್ತಿಕೊಂಡಳು.

"ಮುಟ್ಟಬೇಡಜ್ಜಿ! ಫಿನಾಯಿಲ್ ಹಾಕಿದಾರೆ. ಮೇಲಿನ ಎಲೆ ತೆಗೆದು, ಉಪ್ಪುನೀರಲ್ಲಿ ತೊಳೆದು..."

ಅಜ್ಜಿ ಮೂಸಿ ನೋಡಿದಳು. ಮತ್ತೆ ಮೂಸಿದಳು. ಆಮೇಲೆ ಎಲೆಯ ಮೇಲಿದ್ದ ಬಿಳಿಯನ್ನು ಬೆರಳಲ್ಲಿ ಬಳಿದು... ನೆಕ್ಕಿಯೇಬಿಟ್ಟಳು!

"ಅಯ್ಯೋ ಅಜ್ಜಿ!"

"ಲೇ ಹುಚ್ಚಿ, ಇದೆಲ್ಲಿಯ ಫಿನಾಯಿಲ್? ಅನ್ನ ಬಸಿದ ತಿಳಿ ಕಣೇ ಇದು! ಯಾವ ಪುಣ್ಯಾತ್ಮನೋ ಏನೋ, ಉಪ್ಪು ಬೇರೆ ಹಾಕಿದಾನೆ. ನಿನ್ ಮೂಗನ್ನ ಆಸ್ಪತ್ರೇಲೇ ಬಿಟ್ಟುಬಂದ್ಯಾ?"

ಅವಳು ತನ್ನ ಬೆರಳನ್ನು ಮೂಸಿಕೊಂಡಳು.

ಹೌದು, ಅವಳ ಮೂಗು ಆಸ್ಪತ್ರೆಯಲ್ಲೇ ಉಳಿದಿತ್ತು. ದಿನವಿಡೀ ಫಿನಾಯಿಲಿನಲ್ಲಿ ಅದ್ದುವ ಕೈ. ಅವಳ ಬೆರಳು, ಸೆರಗು, ಉಸಿರು ಎಲ್ಲದರಲ್ಲೂ ಆ ವಾಸನೆಯೇ ತುಂಬಿರುವಾಗ, ಕೋಸಿನಲ್ಲಿ ಅದು ಇಲ್ಲವೆಂದು ಅವಳಿಗೆ ತಿಳಿಯುವುದಾದರೂ ಹೇಗೆ?

ಬಿಳಿ ನೀರು... ಕಿಟಕಿಯತ್ತ ಹೋದ ಆ ಕಣ್ಣು... 'ಒಳಗೆ ಚೆನ್ನಾಗಿರುತ್ತೆ'...

ಅಯ್ಯೋ! ಅದು ಗೇಲಿಯಾಗಿರಲಿಲ್ಲ!

ಮ್ಯಾನೇಜರನ ಕಣ್ಣೆದುರೇ, ಅವನ ಡಬ್ಬದಿಂದಲೇ, ಒಬ್ಬ ಮನುಷ್ಯ ದಿನವೂ ಆಹಾರವನ್ನು ಉಳಿಸುತ್ತಿದ್ದ. ಯಾರಿಗೂ ಹೇಳದೆ. ಬೈಸಿಕೊಂಡು! ಇಂಥವರೂ ಇರುತ್ತಾರಾ?

ಮರುದಿನ ಸಂಜೆ ಓಣಿಗೆ ಹೋದಾಗ ಮೊದಲು ಕಂಡದ್ದು ಅವನಲ್ಲ. ಗೋಡೆಯ ಮರೆಯಲ್ಲಿ ಚೀಲ ಹಿಡಿದು ಕಾಯುತ್ತಿದ್ದ ಜನ. ಬಟ್ಟೆ ಹೊಲಿಯುವ ಮುದುಕ, ಕಂಕುಳಲ್ಲಿ ಮಗುವಿದ್ದ ತಾಯಿ, ಕಾವಲುಗಾರನ ಹೆಂಡತಿ. ಯಾರೂ ನೂಕಾಡಲಿಲ್ಲ. ಮಗುವಿನ ತಾಯಿಗೆ ದೊಡ್ಡ ಕೋಸು ಬಿಟ್ಟು, ಮುದುಕ ಚಿಕ್ಕದನ್ನು ಎತ್ತಿಕೊಂಡ.

"ಕೈ ಇನ್ನೂ ಸೇದಿಹೋಗಿಲ್ಲ ಮೇಡಂ," ಹಿಂದಿನಿಂದ ದನಿ ಬಂತು. "ನಿಮ್ ಶಾಪದಲ್ಲಿ ದಮ್ ಇಲ್ಲ."

ನಾಚಿಕೆಯಿಂದ ಅವಳ ಕಿವಿ ಕೆಂಪಾಯಿತು. "ನಂದು ತಪ್ಪಾಯ್ತು... ಅಷ್ಟೊಂದು ತಿಳಿ ಎಲ್ಲಿ ಸಿಗುತ್ತೆ ನಿಮಗೆ?"

"ನಮ್ ಕಟ್ಟಡದಲ್ಲಿ ಎಲ್ಲರ ಮನೇಲೂ ಇಸ್ಕೊಳ್ತೀನಿ. ನಾಯಿಗೆ ಅಂತ ಹೇಳಿದೀನಿ."

"ನಾಯಿ ಇದೆಯಾ?"

"ಎಲ್ಲಿಯ ನಾಯಿ! ಈಗ ಎಲ್ಲರೂ ಕೇಳ್ತಾರೆ, ಇಷ್ಟು ಕುಡಿಯೋ ನಾಯಿ ಎಷ್ಟು ದಪ್ಪ ಇದೆಯಪ್ಪಾ, ಒಂದ್ಸಲ ತೋರ್ಸು ಅಂತ."

ಅವಳು ನಕ್ಕಳು. ಎಷ್ಟು ಕಾಲವಾಗಿತ್ತೋ ಹೀಗೆ ನಕ್ಕು! ಆಮೇಲೆ ತಟ್ಟನೆ ಗಂಭೀರಳಾದಳು.

"ವಾಸನೆ ಇಲ್ಲ. ಆ ಮ್ಯಾನೇಜರ್ ಕೆಳಗಿಳಿದು ಬಂದ್ರೆ ಸಿಕ್ಕಿಬೀಳ್ತೀರಿ."

ಅಂದಿನಿಂದ ಅವಳು ದಿನವೂ ಫಿನಾಯಿಲಿನಲ್ಲಿ ಅದ್ದಿದ ಬಟ್ಟೆಯೊಂದನ್ನು ತಂದು, ತರಕಾರಿಗೆ ತಗುಲದಂತೆ ಹಿಂಬಾಗಿಲ ಚಿಲಕಕ್ಕೆ ಕಟ್ಟತೊಡಗಿದಳು. ಬಣ್ಣ ಅವನದು, ವಾಸನೆ ಅವಳದು. ಇಬ್ಬರೂ ಸೇರಿ ಒಂದು ಸುಳ್ಳು ಕಟ್ಟಿದರು. ಆ ಸುಳ್ಳು ಆ ಬೀದಿಯ ಎಷ್ಟೋ ಒಲೆಗಳನ್ನು ಉರಿಸಿತು.

ಒಂದು ಸಂಜೆ ಅವನು ಕೇಳಿದ, "ಒಂದು ಕೋಸಲ್ಲೇ ಮನೆಮಂದಿಗೆಲ್ಲ ಹೇಗೆ ಸಾಲುತ್ತೆ?"

"ಮೊದಲು ಒಂದು ಚೂರು ಈರುಳ್ಳಿ ಹುರೀತೀನಿ. ಘಮ ಎದ್ದರೆ ಅಪ್ಪ ಹಾಸಿಗೆಯಿಂದಲೇ 'ಏನೇ ಇವತ್ತು ವಿಶೇಷ?' ಅಂತಾರೆ. ಕೋಸಿನ ದಂಟು ಇವತ್ತಿನ ಬೇಳೆಗೆ, ಎಲೆ ನಾಳೆಗೆ. ಆಲೂಗಡ್ಡೆ ಸಿಪ್ಪೆ ಗರಿಗರಿಯಾಗಿ ಹುರಿದುಬಿಟ್ರೆ ತಂಗಿ ಕುಣೀತಾಳೆ."

"ನೀವೇನು ತಿಂತೀರಿ?"

"ನಾನು ವಾರ್ಡಲ್ಲೇ ತಿಂದು ಬರ್ತೀನಲ್ಲ..."

"ಸುಳ್ಳು."

ಅವಳು ತಲೆ ಎತ್ತಿದಳು.

"ದಿನಾ ತೂಗೋನು ನಾನು. ಮುಂದಿನ ಬಾಗಿಲಿಂದ ನೀವು ಬರ್ತಿದ್ದಾಗಿಂದ ನೋಡ್ತಿದೀನಿ. ಟೊಮೇಟೊ ಇಡ್ತೀರಿ, ಒಂದು ವಾಪಸ್ ತೆಗೀತೀರಿ, ಮತ್ತೊಂದು ತೆಗೀತೀರಿ... ಉಳಿದದ್ದನ್ನ ಮಗು ಥರ ಎದೆಗೊತ್ತಿಕೊಂಡು ಹೋಗ್ತೀರಿ. ಆ ತೆಗೆದದ್ದೆಲ್ಲ ನಿಮ್ ಪಾಲು ಅಂತ ನಂಗೊತ್ತು." ಅವನ ದನಿ ತಗ್ಗಿತು. "ಅದನ್ನ ನೋಡಿದ ಮೇಲೇನೇ ನಾನು ಡಬ್ಬದಲ್ಲಿ ತಿಳಿ ತುಂಬೋಕೆ ಶುರು ಮಾಡಿದ್ದು."

ಅವಳು ತೂಕದ ತಟ್ಟೆಯಿಂದ ಹಿಂದಕ್ಕಿಟ್ಟ ಒಂದೊಂದು ಟೊಮೇಟೊವನ್ನೂ ಈ ಮನುಷ್ಯ ಮನಸ್ಸಿನಲ್ಲಿ ಎತ್ತಿಟ್ಟುಕೊಂಡಿದ್ದ! ಇಷ್ಟು ದೊಡ್ಡ ಊರಲ್ಲಿ ಅವಳ ಹಸಿವನ್ನು ಕಂಡವನೊಬ್ಬನಿದ್ದ!

ಅವನು ತನ್ನ ಬುತ್ತಿ ತೆರೆದ. ಅನ್ನ, ಒಂದು ಬೆಂದ ಮೊಟ್ಟೆ. ಮೊಟ್ಟೆಯ ದೊಡ್ಡ ಹೋಳನ್ನು ಅವಳತ್ತ ತಳ್ಳಿದ. ಅವಳು ಅಂದು ಮೊದಲ ಸಲ ಬೇಡವೆನ್ನಲಿಲ್ಲ.

ಆದರೆ ಹಸಿದವರು ಬದುಕುವುದೂ ಕೆಲವರ ಕಣ್ಣಿಗೆ ಚುಚ್ಚುತ್ತದೆ.

ಅದೇ ಸಂಜೆ ಮ್ಯಾನೇಜರ್ ತಾನೇ ಇಳಿದು ಬಂದ. ಕೈಯಲ್ಲಿ ಸೀಲು ಒಡೆಯದ ದೊಡ್ಡ ಡಬ್ಬ.

"ಫಿನಾಯಿಲ್ ಹಾಕಿದ ಮೇಲೂ ಈ ಜನ ದಿನಾ ಯಾಕೋ ಬರ್ತಾರೆ? ನನ್ನೇನು ದಡ್ಡ ಅಂದ್ಕೊಂಡಿದೀಯಾ? ತಗೋ. ನನ್ನೆದುರಿಗೆ ಸುರಿ."

ಗೋಡೆಯ ಮರೆಯಲ್ಲಿ ತಾಯಿ ಕಂಕುಳ ಮಗುವನ್ನು ಅವುಚಿಕೊಂಡಳು. ತಕ್ಕಡಿ ಡಬ್ಬವನ್ನು ತೆಗೆದುಕೊಂಡ. ಕೋಸುಗಳನ್ನು ನೋಡಿದ. ಮಗುವನ್ನು ನೋಡಿದ. ಡಬ್ಬವನ್ನು ಮೆಲ್ಲಗೆ ನೆಲಕ್ಕಿಟ್ಟ.

"ಆಗಲ್ಲ ಸಾರ್."

"ಹಾಗಾದ್ರೆ ನಾಳೆಯಿಂದ ಬರ್ಬೇಡ!" ಮ್ಯಾನೇಜರನ ಕಣ್ಣು ಅವಳ ಆಸ್ಪತ್ರೆ ಸಮವಸ್ತ್ರದ ಮೇಲೆ ನಿಂತಿತು. "ಏನಮ್ಮಾ, ನಿನಗೆ ಫಿನಾಯಿಲ್ ಹೊಸದಲ್ಲ. ನೀನು ಸುರಿ. ಇವನ ಕೆಲಸ ನಿಂದು. ಅಲ್ಲಿಗಿಂತ ಜಾಸ್ತಿ ಸಂಬಳ, ತಿಂಗಳಿಗೊಮ್ಮೆ ಮನೆಗೆ ರೇಷನ್ನು."

ಅವಳ ಕಣ್ಣ ಮುಂದೆ ಮನೆ ಬಂತು. ಅಪ್ಪನ ಮಾತ್ರೆ. ತಂಗಿಗೆ ಹೊಟ್ಟೆ ತುಂಬ ಅನ್ನ. ಈರುಳ್ಳಿ ಘಮದಿಂದ ಯಾರನ್ನೂ ಮೋಸ ಮಾಡಬೇಕಿಲ್ಲದ ಒಂದು ಅಡುಗೆಮನೆ...

ತಕ್ಕಡಿ ಅವಳ ಹತ್ತಿರ ಬಂದ. "ಒಪ್ಕೋ," ಅಂದ. ಅದುವರೆಗೆ ಇದ್ದ 'ನೀವು' ಎಲ್ಲೋ ಬಿದ್ದುಹೋಗಿತ್ತು. "ನಾನು ಒಬ್ಬಂಟಿ, ಹೇಗೋ ಆಗುತ್ತೆ. ನಿನ್ ಮನೆ ತುಂಬ್ಲಿ. ನಾನು... ನಿನ್ನ ಪ್ರೀತಿಸ್ತೀನಿ. ಅದಕ್ಕೇ ಹೇಳ್ತಿದೀನಿ, ಒಪ್ಕೋ."

ಕೆಲಸ ಹೋದ ಕ್ಷಣದಲ್ಲೂ ತನ್ನ ಪಾಲನ್ನು ಅವಳತ್ತ ತಳ್ಳುತ್ತಿದ್ದ ಆ ಮುಖವನ್ನು ಅವಳು ಬೆರಗಾಗಿ ನೋಡಿದಳು. ತಾನು ಮನೆಯಲ್ಲಿ ದಿನವೂ ಮಾಡುವುದನ್ನು ತನಗಾಗಿ ಇನ್ನೊಬ್ಬರು ಮಾಡಿದಾಗ ಹೇಗಿರುತ್ತದೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

ಅವಳು ಮುಂದೆ ಬಂದಳು. ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿದಳು. ಮ್ಯಾನೇಜರ್ ಮುಗುಳ್ನಕ್ಕ.

ಅದನ್ನು ಪೆಟ್ಟಿಗೆಯ ಮುಂದೆ ಅಡ್ಡವಾಗಿ ಕುಕ್ಕಿ, ಆ ಡಬ್ಬದ ಮೇಲೆಯೇ ಕೂತುಬಿಟ್ಟಳು!

ಒಂದು ಕೋಸು ತೆಗೆದು ಮೇಲಿನ ಎಲೆ ಕಿತ್ತುಹಾಕಿದಳು. ಒಳಗೆ ಬೆಳ್ಳಗೆ, ತಣ್ಣಗೆ, ಚೆನ್ನಾಗಿತ್ತು. ಅದನ್ನು ಮಗುವಿನ ತಾಯಿಗೆ ಕೊಟ್ಟು ತಕ್ಕಡಿಯತ್ತ ತಿರುಗಿದಳು.

"ಇವತ್ತು ಊಟಕ್ಕೆ ನಮ್ಮನೆಗೆ ಬಾ. ಅಜ್ಜಿಗೆ ನಿನ್ ನಾಯಿ ನೋಡ್ಬೇಕಂತೆ."

ಅವನ ಕಣ್ಣು ತುಂಬಿ ಬಂತು. "ಇರೋದೇ ಅಷ್ಟು... ನಂಗೂ ಸಾಲುತ್ತಾ?"

"ಸಾಲಿಸೋದು ನನಗ್ ಬಿಡು."

"ಏಯ್!" ಮ್ಯಾನೇಜರ್ ಕಿರುಚಿದ. "ಏಳೇ ಮೇಲಕ್ಕೆ!"

ಅವಳು ಇನ್ನೊಂದು ಕೋಸನ್ನು ಮಡಿಲಿಗೆ ಎಳೆದುಕೊಂಡಳು.

"ಏಳಲ್ಲ."