ಆಗ್ಲಿಕ್ಕುಂಟು

ಇನ್ನೊಬ್ಬರ ಮನಸ್ಸಿನ ಮಾತು ಹೇಳಲು ನಾನು ಯಾರು? ನನ್ನ ಈ ಧೈರ್ಯವನ್ನು ಮೊದಲೇ ಕ್ಷಮಿಸಿಬಿಡಿ. ಕಾಂತಿಯ ಕಥೆ ಹೇಳದೆ ಇರಲಾಗುತ್ತಿಲ್ಲ...

"ಟೀಚರೇ, ನನ್ನನ್ನು ಸ್ವಲ್ಪ ದೊಡ್ಡ ಮಾಡಿ ಬರೆಯಿರಿ!"

ಕಾಂತಿ ತಲೆಯೆತ್ತಿದಳು. ೧೯೮೧ನೇ ಇಸವಿ. ಬೆಳ್ತಂಗಡಿಯ ಟೈಪಿಂಗ್ ಕ್ಲಾಸಿನ ಬಾಗಿಲಲ್ಲಿ ಇಸ್ತ್ರಿ ಅಂಗಿಯ ಯುವಕನೊಬ್ಬ ಬೆವರುತ್ತ ನಿಂತಿದ್ದ.

"ಇದು ಟೈಪ್ ಮಿಷನ್. ಭೂತಗನ್ನಡಿ ಅಲ್ಲ!"

ಅವನು ನಕ್ಕ. ಆ ನಗುವಿಗೆ ಅವಳ ಬೆರಳು ತಪ್ಪು ಅಕ್ಷರದ ಮೇಲೆ ಬಿತ್ತು. ಟೈಪಿಂಗಿನ ಹೈಯರ್ ಪರೀಕ್ಷೆಯಲ್ಲೂ ಹಾಗಾಗಿರಲಿಲ್ಲ!

ಹೆಸರು ಭೋಜ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಆರು ವರ್ಷದಿಂದ ಸಪ್ಲೈಯರ್. ಧರ್ಮಸ್ಥಳದ ಲಾಡ್ಜೊಂದಕ್ಕೆ ಮೇಲ್ವಿಚಾರಕ ಬೇಕಂತೆ. ಇಂಗ್ಲಿಷಿನಲ್ಲಿ ಬಯೋಡೇಟಾ ತರಬೇಕಂತೆ.

"ಸಪ್ಲೈಯರ್ ಬೇಡ. ಮ್ಯಾನೇಜರ್ ಅಂತ ಹಾಕಿ."

"ಸುಳ್ಳು ಟೈಪ್ ಮಾಡುವುದಿಲ್ಲ. ದಿನವಿಡೀ ಏನು ಮಾಡ್ತೀರಿ, ಅದು ಹೇಳಿ."

"ಟೇಬಲ್ ನೋಡ್ತೇನೆ. ಮತ್ತೆ... ಬೈಯುತ್ತಾ ಬಂದವರನ್ನು ನಗಿಸಿ ಕಳಿಸ್ತೇನೆ. ಯಾರ ಚಾಕ್ಕೆ ಸಕ್ಕರೆ ಬೇಡ ಅಂತ ನೆನಪುಂಟು."

"ಅಷ್ಟು ಸಾಕಲ್ಲ ಮಾರಾಯ್ರೇ!"

ಕಾಂತಿ ಒಂದೊಂದು ಪದವನ್ನೂ ಹುಡುಕಿ ಹುಡುಕಿ ಹಾಕಿದಳು. ಆರು ವರ್ಷ ಒಂದೇ ಕಡೆ ದುಡಿದವರು. ಗಿರಾಕಿಗಳ ಬೇಕು ಬೇಡ ಮರೆಯದವರು. ಸಿಟ್ಟಾದವರನ್ನು ಸಮಾಧಾನ ಮಾಡಬಲ್ಲವರು. ಅದರ ಅರ್ಥ ಕನ್ನಡದಲ್ಲಿ ಹೇಳಿದಾಗ ಭೋಜ ಬಗ್ಗಿ ಹಾಳೆಯನ್ನೇ ನೋಡಿದ.

"ಇದು ನಾನೇ ಹೌದಾ?"

"ನೀವೇ."

ಇಂಥವರ ಕೈ ಹಿಡಿಯುವವಳು ಎಷ್ಟು ಪುಣ್ಯವಂತೆ... ಛೆ, ಇದೆಂಥ ಯೋಚನೆ!

ಕೊನೆಯ ಸಾಲು ಉಳಿದಿತ್ತು.

"ಮದುವೆ?"

"ಆಗ್ಲಿಕ್ಕುಂಟು."

ಆಗ್ಲಿಕ್ಕುಂಟು... ಅಂದರೆ ನಿಶ್ಚಯವಾಗಿದೆ!

ತುಟಿ ಕಚ್ಚಿಕೊಂಡು 'ಎಂಗೇಜ್ಡ್' ಎಂದು ಟೈಪ್ ಮಾಡಿದಳು. ಆ ಒಂದು ಪದದ ಅರ್ಥ ಮಾತ್ರ ಹೇಳಲಿಲ್ಲ. ಹಾಳೆ ಕೈಗಿಟ್ಟು ಮುಖ ತಿರುಗಿಸಿದಳು.

ನಾಲ್ಕು ದಿನ ಬಿಟ್ಟು ಭೋಜ ಮತ್ತೆ ಬಂದ.

"ಟೀಚರೇ, ನನಗೆ ಯಾರೊಟ್ಟಿಗೆ ನಿಶ್ಚಯ ಮಾಡಿದ್ದೀರಿ?"

"ನೀವೇ ಹೇಳಿದ್ದಲ್ಲವಾ, ಆಗ್ಲಿಕ್ಕುಂಟು ಅಂತ!"

"ಅಯ್ಯೋ, ಇನ್ನೂ ಆಗ್ಲಿಲ್ಲ, ಆಗಬೇಕಷ್ಟೆ ಅಂತ ಹೇಳಿದ್ದು! ಲಾಡ್ಜಿನ ಧನಿಗಳು ಓದಿ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಅವರಿಗೆ ಅಲ್ಲೇ ಉಳಿಯುವ ಬ್ರಹ್ಮಚಾರಿ ಬೇಕಂತೆ. 'ನಿಶ್ಚಯ ಆದವ ನಾಳೆಯೇ ರಜೆ ಕೇಳ್ತಾನೆ' ಅಂದರು."

ಕಾಂತಿಯ ಕಣ್ಣು ತುಂಬಿತು. ಅಷ್ಟು ಪದಗಳನ್ನು ಕೇಳಿ ಕೇಳಿ ಹಾಕಿದವಳು ಒಂದನ್ನು ಮಾತ್ರ ಕೇಳದೆ ಹಾಕಿದೆನಲ್ಲ! ಅವರ ಅನ್ನಕ್ಕೇ ಕಲ್ಲು ಹಾಕಿದೆನಲ್ಲ...

"ಈಗಲೇ ಬೇರೆ ಟೈಪ್ ಮಾಡ್ತೇನೆ. ತಪ್ಪು ನನ್ನದು ಅಂತ ಧನಿಗಳಿಗೆ ಕಾಗದವೂ ಬರೆಯುತ್ತೇನೆ."

"ಬೇಡ." ಭೋಜ ಅವಳು ಎತ್ತಿಕೊಂಡ ಹೊಸ ಹಾಳೆಯನ್ನು ಮೆಲ್ಲಗೆ ತೆಗೆದುಕೊಂಡ. "ತಪ್ಪಾಗಿದೆ ಅಂತ ನಾನು ಅಲ್ಲೇ ಹೇಳಬಹುದಿತ್ತು. ಆದರೆ ಅವರು, 'ಹುಡುಗಿ ಎಲ್ಲಿಯವಳು?' ಅಂತ ಕೇಳಿದರು. ಬೆಳ್ತಂಗಡಿ, ಟೈಪಿಂಗ್ ಕಲಿಸ್ತಾಳೆ ಅಂತ ಬಾಯಿಗೆ ಬಂತು. ಮತ್ತೆ ಅದನ್ನು ಅಲ್ಲ ಅನ್ನಲಿಕ್ಕೆ ಮನಸ್ಸು ಬರಲಿಲ್ಲ..."

ಕಾಂತಿ ಎದ್ದು ನಿಂತಳು.

"ನನ್ನನ್ನು ಕೇಳದೆ ಹೇಳಿದಿರಾ!"

"ನೀವೂ ಕೇಳದೆಯೇ ಟೈಪ್ ಮಾಡಿದ್ದಲ್ಲವಾ!"

ಅಳುವಿನ ನಡುವೆಯೇ ಅವಳಿಗೆ ನಗು ಬಂದುಬಿಟ್ಟಿತು.

"ಈಗ ಕೇಳ್ತೇನೆ," ಎಂದ ಭೋಜ. "ಒಪ್ಪಿಗೆ ಉಂಟಾ?"

"ಉಂಟು... ಅಪ್ಪನ ಹತ್ತಿರ ನೀವೇ ಬಂದು ಮಾತಾಡಬೇಕು."

"ನಾಳೆಯೇ ಬರ್ತೇನೆ."

"ಆದರೆ ಆ ಕೆಲಸ?"

"ತಿಳಿಸ್ತೇವೆ ಅಂದಿದ್ದಾರೆ. ಸಿಗದಿದ್ದರೆ ಇನ್ನೊಂದು ಹುಡುಕುವ."

ಹುಡುಕುತ್ತೇನೆ ಅನ್ನಲಿಲ್ಲ ಅವನು. ಹುಡುಕುವ ಅಂದ... ಇಬ್ಬರೂ ಸೇರಿ!

"ಹುಡುಕುವ," ಎಂದಳು ಕಾಂತಿ.

ಅವರ ಮದುವೆಯ ಊಟ ನಾನೂ ಉಂಡಿದ್ದೇನೆ. ಲಾಡ್ಜಿನಿಂದ ಕಾಗದ ಬಂದಿತೋ ಇಲ್ಲವೋ, ಅದು ಮಾತ್ರ ನನಗೆ ಗೊತ್ತಿಲ್ಲ.