ಯುಗಾದಿಯಂದು ಹಾಕಿಸಿದ ಸಹಿ

ರಾಗಿ ಕೇರುತ್ತಿದ್ದೆ. ಮೊರದ ಅಂಚಿಗೆ ಮಚ್ಚು ಬಂದು ತಾಗಿತು.

ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹೆದರಿದೆ ಎಂದೇ ಅರ್ಥ!

"ಆಡಿಟರ್ ಎಲ್ಲವ್ನೆ, ಬೋರಜ್ಜಿ?"

ಸಂತೋಷ್. ನಮ್ಮ ಜಾವಗಲ್ಲಿನ ಕೊಬ್ಬರಿ ಎಣ್ಣೆ ಕಂಪನಿಯಲ್ಲಿ ಮೆಷಿನ್ ಆಪರೇಟರ್. ಆ ಕೆಲಸ ಕೊಡಿಸಿದವಳೇ ನಾನು. ಅಲ್ಲಿನವರ ಅರ್ಜಿ, ಜಗಳ, ರಾಜಿ, ಒಳ್ಳೆ ದಿನ ಇಡುವುದು... ಎಲ್ಲ ನನ್ನ ಕೈಯಲ್ಲೇ.

"ಮಚ್ಚು ಯಾಕ್ಲಾ? ಅವನಿಗೆ ಎಳನೀರು ಕೆತ್ತಿಕೊಡ್ತೀಯಾ?"

"ತಲೆ ಕೆತ್ತೀನಿ! ಎರಡು ತಿಂಗ್ಳಿಂದ ಸಂಬಳ ಇಲ್ಲ. ನಲವತ್ನಾಲ್ಕು ಸಾವಿರ ಟ್ಯಾಕ್ಸ್ ಅಂತ ಹಿಡ್ಕೊಂಡವ್ರೆ! ಕೊಟ್ಟಿದ್ದು ಷೇರು. ಮಾರಂಗಿಲ್ಲ, ಮುಕ್ಕಂಗಿಲ್ಲ. ಮನೇಲಿ ಹೆಂಡ್ತಿಗೆ ದಿನ ತುಂಬೈತೆ!"

"ಮಾಲೇಕಲ್ ಗುಡಿಗೆ ಹೋಗ್ಯವ್ನೆ. ಹರಕೆ ಐತಂತೆ. ಬೆಟ್ಟದ ಮೇಲೆ ಸಿಕ್ತಾನೆ."

ಬೈಕ್ ಅರಸೀಕೆರೆ ಕಡೆ ಹಾರಿತು. ನಾನು ಎರಡು ಗಂಟೆ ಕಾದು, ಎದುರು ದಿಕ್ಕಿನ ಹಳೇಬೀಡು ಬಸ್ ಹತ್ತಿದೆ. ಕಂಪನಿಯ ಆಡಿಟರ್ ಚಿದಂಬರ ಅಲ್ಲಿ, ಕೆರೆ ಪಕ್ಕದ ತನ್ನ ತಂಗಿಯ ಮನೆಯಲ್ಲಿ ಅಡಗಿದ್ದ.

ಬಸ್ಸಿನಲ್ಲಿ ಬೆವರಿದೆ... ಮಚ್ಚಿಗಲ್ಲ. ನಿಮಗೆ ಹೇಳಿಬಿಡುತ್ತೇನೆ, ಕೇಳಿ.

ಮಾರ್ಚ್‌ನಲ್ಲಿ ಮಾಲೀಕರು ಕಾರ್ಮಿಕರನ್ನು ಕೂಡಿಸಿ ಕೇಳಿದ್ದರು. "ಸಂಬಳದ ಜೊತೆ ಕೊಡ್ತೀವಿ ಅಂದಿದ್ದ ಷೇರು ರೆಡಿ. ಯಾವತ್ತು ತಗೋತೀರಿ?"

ಎಲ್ಲರೂ ನನ್ನ ಮುಖ ನೋಡಿದರು.

"ಯುಗಾದಿ!" ಎಂದೆ.

ಬಂದ ಲಕ್ಷ್ಮಿ ನಿಲ್ಲುವ ದಿನ! ನಲವತ್ತು ಜನ ಕಾಲಿಗೆ ಬಿದ್ದರು.

ಮರುದಿನ ಚಿದಂಬರನ ಫೋನ್. "ಯುಗಾದಿ ಮಾರ್ಚ್ ಮೂವತ್ತಕ್ಕೆ ಬರುತ್ತೆ ಬೋರಮ್ಮನವರೇ. ಷೇರೂ ಸಂಬಳದ ಲೆಕ್ಕಕ್ಕೇ ಬರುತ್ತೆ, ಎರಡು ದಿನ ತಡೀರಿ. ಏಪ್ರಿಲ್ ಒಂದರಿಂದ ಹೊಸ ನಿಯಮ, ಹನ್ನೆರಡು ಲಕ್ಷದವರೆಗೆ ಟ್ಯಾಕ್ಸೇ ಇಲ್ಲ. ಆ ಸಂತೋಷನಿಗೆ ಷೇರಿನ ಏಳು ಲಕ್ಷ, ಸಂಬಳದ ಮೂರು ಲಕ್ಷ ಸೇರಿದ್ರೂ ಸೊನ್ನೆ!"

ಇಟ್ಟ ದಿನವನ್ನು ಹಿಂದಕ್ಕೆ ತೆಗೆಯುವುದೇ? ಕಾಲಿಗೆ ಬಿದ್ದವರ ಮುಂದೆ? ನಾಚಿಕೆ!

"ಆಡಿಟರೂ ಒಪ್ಪಿದ್ದಾರೆ" ಎಂದು ಎಲ್ಲರಿಗೂ ಹೇಳಿಬಿಟ್ಟೆ.

ಹಬ್ಬದ ದಿನವೇ ಎಲ್ಲರೂ ಸಹಿ ಹಾಕಿದರು. ಅವತ್ತೇ ಷೇರು ಹೆಸರಿಗೆ ಬಂತು. ಹಳೇ ವರ್ಷದ ಟ್ಯಾಕ್ಸೂ ಹಿಂದೆಯೇ ಬಂತು...

ಚಿದಂಬರ ಬಾಗಿಲು ತೆರೆದ. ಗಡ್ಡ ಬೆಳೆದಿತ್ತು.

"ಸುಳ್ಳು ಹೇಳಿದ್ದು ನಾನು ಅಂತ ಯಾಕೆ ಬಾಯಿ ಬಿಡಲಿಲ್ಲ?" ಎಂದೆ.

"ನೀವೇ ಹೇಳ್ತೀರಿ ಅಂತ ಕಾದೆ."

ಅಷ್ಟೇ. ಇದರ ಮುಂದೆ ಮಚ್ಚು ಮೊಂಡು!

ಹೊರಗೆ ಬೈಕ್ ಗುಡುಗಿತು.

"ಏನಜ್ಜಿ! ಬೆಟ್ಟ ಹತ್ತಿಸ್ಬುಟ್ಟಲ್ಲ! ಜಾವಗಲ್ ಬಸ್ ಸ್ಟ್ಯಾಂಡಲ್ಲಿ ಹೇಳುದ್ರು, ನೀನು ಇತ್ತಾಗೆ ಬಂದೆ ಅಂತ! ಇಲ್ಲಿ ಕೇಳುದ್ರೆ ಈ ಮನೆ ತೋರ್ಸುದ್ರು!"

ಬಾಗಿಲಿಗೆ ಅಡ್ಡ ನಿಂತೆ.

"ಕೆತ್ತೋದಾದ್ರೆ ನನ್ನ ತಲೆ ಕೆತ್ತು. ಆಡಿಟರ್ ಯುಗಾದಿ ಬ್ಯಾಡ ಅಂದಿದ್ದ. ಒಪ್ಪವ್ನೆ ಅಂತ ಸುಳ್ಳು ಹೇಳ್ದೋಳು ನಾನು."

ಸಂತೋಷ್ ನಕ್ಕುಬಿಟ್ಟ!

"ದೇವ್ರಂಥೋಳು ಕಣಜ್ಜಿ ನೀನು. ಈ ಕಳ್ಳನ್ನ ಉಳ್ಸಕ್ಕೆ ಪಾಪ ತಲೆ ಮೇಲೆ ಹಾಕ್ಕೋತೀಯಾ?"

ಹೊಡೆದಿದ್ದರೆ ಚೆನ್ನಾಗಿತ್ತು.

"ಬಾಯ್ಮಾತು ನಂಬಬ್ಯಾಡ. ಬರ್ದು ಕಂಪನಿಗೆ ಕಳಿಸ್ತೀನಿ. ನೋಟಿಸ್ ಬೋರ್ಡಿಗೆ ಅಂಟಿಸ್ಲಿ, ಎಲ್ರೂ ಓದ್ಲಿ. ಅಲ್ಲಿಗಂಟ ಇವನ್ನ ಮುಟ್ಟಬ್ಯಾಡ."

ಅವನ ನಗು ಮೆಲ್ಲಗೆ ಸತ್ತಿತು. ಮಚ್ಚು ಇಳಿಯಿತು.

"ಮೂರು ದಿನ. ಕಾಗ್ದ ಬರ್ಲಿಲ್ಲ ಅಂದ್ರೆ ಮತ್ತೆ ಬತ್ತೀನಿ."

ಏಪ್ರಿಲ್‌ನಿಂದ ಆ ಕಾಗದ ಬರೆಯುತ್ತಲೇ ಇದ್ದೆ. ಹತ್ತು ಸಲ ಹರಿದಿದ್ದೆ. ಅವತ್ತು ಹಳೇಬೀಡಿನ ಪೋಸ್ಟ್ ಆಫೀಸಿನ ಬೆಂಚಿನ ಮೇಲೆ ಆರೇ ಸಾಲು. ಆಡಿಟರದು ತಪ್ಪಿಲ್ಲ. ದಿನ ಇಟ್ಟವಳು ನಾನು. ಸುಳ್ಳೂ ನನ್ನದು.

ಕೌಂಟರಿನ ಹುಡುಗಿ ಕವರ್ ತಿರುಗಿಸಿ ನೋಡಿದಳು.

"ಅಜ್ಜಿ, ಕಳಿಸೋರ ಅಡ್ರೆಸ್ಸೇ ಮರೆತಿದ್ದೀರಲ್ಲ?"

ಮರೆತಿರಲಿಲ್ಲ... ಹೆಸರು ಕಾಣದಿರಲೆಂದು ಬೇಕೆಂದೇ ಬಿಟ್ಟಿದ್ದೆ!

ಪೆನ್ನು ಇಸಿದುಕೊಂಡೆ. ಹೆಸರು, ಬೀದಿ, ಮನೆ ನಂಬರ್... ಎಲ್ಲ ಬರೆದು ಸ್ಪೀಡ್ ಪೋಸ್ಟಿಗೆ ಹಾಕಿದೆ. ನಲವತ್ತು ಜನ ಹುಡುಕಿಕೊಂಡು ಬರುವಾಗ ಪಕ್ಕದ ಮನೆಯವರಿಗೆ ತೊಂದರೆಯಾಗಬಾರದಲ್ಲ!