ಎರಡನೆಯ ಬ್ರೇಕ್

ಧಡ್!

ಪೇಟೆಬೀದಿಯ ತಿರುವಿನಲ್ಲಿ ತನ್ನ ಪಾಡಿಗೆ ನಿಂತಿದ್ದ ಕಾರಿಗೆ, ಮುಂದಿದ್ದ ಜೀಪು ಹಿಂದಕ್ಕೆ ಬಂದು ಗುದ್ದಿತು. ಒಂದು ಹೆಡ್‌ಲೈಟು ಪುಡಿಪುಡಿ.

ಕಾರಿನಿಂದ ಇಳಿದವಳು ಡ್ರೈವಿಂಗ್ ಶಾಲೆಯ ಮೇಡಮ್. ಊರವರ ಬಾಯಲ್ಲಿ ಬ್ರೇಕಮ್ಮ. ಕಲಿಸುವವರ ಕಾಲ ಬಳಿ ಇರುವ ಎರಡನೆಯ ಬ್ರೇಕಿನ ಮೇಲೆ ಏಳು ವರ್ಷ ಪಾದವಿಟ್ಟು ಸಂಪಾದಿಸಿದ ಹೆಸರು ಅದು.

"ಹಿಂದೆ ನೋಡೋ ಅಭ್ಯಾಸ ಇಲ್ವೇನ್ರೀ?"

ಜೀಪಿನಿಂದ ಇಳಿದವನು ಊರಿಗೆ ಹೊಸದಾಗಿ ಬಂದ ದನದ ಡಾಕ್ಟ್ರು. ಕಾಲರಿನ ಮೇಲೆ ಒಂದೆಳೆ ಹುಲ್ಲು.

"ತಪ್ಪಾಯ್ತು ಮೇಡಮ್. ಒಂದು ಹಸು ಕರು ಹಾಕೋಕೆ ಒದ್ದಾಡ್ತಿದೆ, ಅವಸರದಲ್ಲಿ..."

"ಲೈಸೆನ್ಸ್ ಹೇಗೆ ಸಿಕ್ತು ನಿಮಗೆ?"

"ಮೈದಾನದಲ್ಲಿ ಎಂಟು ಹಾಕಿ ತೋರಿಸ್ದೆ. ಕೊಟ್ರು."

"ಎಂಟರ ಥರ ಇರೋ ರಸ್ತೆ ಈ ಊರಲ್ಲಿ ಯಾವುದಿದೆ, ಸ್ವಲ್ಪ ತೋರಿಸ್ತೀರಾ?"

ಸ್ಟೀರಿಂಗ್ ಹಿಡಿದು ಕೂತಿದ್ದ ಟೀಚರಮ್ಮ ಕಿಸಕ್ಕನೆ ನಕ್ಕರು. ನಿವೃತ್ತಿಯಾದ ಮೇಲೆ ಕಾರು ಕಲಿಯಲು ಹೊರಟ ಗಟ್ಟಿಗಿತ್ತಿ ಅವರು.

ಬ್ರೇಕಮ್ಮ ಕೈ ಚಾಚಿದಳು. "ಕೀ ಕೊಡಿ. ಹಸು ಹತ್ರ ನಾನೇ ಬಿಡ್ತೀನಿ."

ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅವಳು ನೋಡಿದಳು. ಅವನು ನೇರವಾಗಿ ಹಸುವಿನ ಹಿಂದಕ್ಕೆ ಹೋಗಲಿಲ್ಲ. ಮುಂದೆ ನಿಂತು ಮೆಲ್ಲಗೆ ಮಾತಾಡಿಸಿದ. ಭುಜದ ಮೇಲೆ ಕೈಯಿಟ್ಟ. ಆ ಕೈಯನ್ನು ಎತ್ತದೆ, ಬೆನ್ನುದ್ದಕ್ಕೂ ಸವರುತ್ತಾ ಹಿಂದೆ ಸರಿದ. ಗಂಟೆಯೊಳಗೆ ನೆಲದ ಮೇಲೆ ಒದ್ದೆ ಕರುವೊಂದು ಕಿವಿ ಅಲ್ಲಾಡಿಸುತ್ತಿತ್ತು.

'ಆಗ ಗುದ್ದಿದವನೂ ಇವನೇನಾ...?'

"ಹಸುವಿನ ಹಿಂದೆ ಹೋಗೋಕೆ ಅದರ ಅಪ್ಪಣೆ ಕೇಳ್ತೀರಿ," ಎಂದಳು ಹೊರಗೆ ಬಂದಾಗ. "ಜೀಪು ಹಿಂದಕ್ಕೆ ತರುವಾಗ ಮಾತ್ರ ಯಾರನ್ನೂ ಕೇಳಲ್ವಲ್ಲ?"

ಅವನು ಕೈ ತೊಳೆಯುವುದನ್ನು ನಿಲ್ಲಿಸಿದ.

"ಇದನ್ನ ಐದು ವರ್ಷ ಕಲಿತೆ ಮೇಡಮ್. ಅದನ್ನ ಯಾರೂ ಕಲಿಸ್ಲೇ ಇಲ್ಲ. ನೀವು ಕಲಿಸ್ತೀರಾ?"

ಒಡೆದ ಹೆಡ್‌ಲೈಟಿನ ಸುದ್ದಿ ಇಲಾಖೆಯ ಮೇಲಿನವರ ಕಿವಿಗೂ ಬಿತ್ತು. ಡಾಕ್ಟ್ರಿಗೆ ಗಾಡಿ ಓಡಿಸಲು ಬರುತ್ತದೆ ಎಂದು ತಿಂಗಳೊಳಗೆ ಮೇಡಮ್ ಸಹಿ ಹಾಕಿದ ಕಾಗದ ತಂದರೆ ಜೀಪು, ಇಲ್ಲವಾದರೆ ಬೇರೆ ಊರಿಗೆ ವರ್ಗ ಎಂದರು.

ದಿನಾ ಬೆಳಿಗ್ಗೆ ಪಾಠ. ಹಿಂದಿನ ಸೀಟಿನ ನಡುವೆ, ಮುಂದಕ್ಕೆ ಬಾಗಿ, ತಮ್ಮ ಸರದಿ ಕಾಯುವ ಟೀಚರಮ್ಮ.

"ಕನ್ನಡಿ ನೋಡಿದ್ರಾ?"

"ನೋಡ್ದೆ."

"ಕನ್ನಡಿಲಿ ಏನಿತ್ತು?"

"...ಕನ್ನಡಿ."

"ಡಾಕ್ಟ್ರೇ!"

ಮೂರನೆಯ ವಾರಕ್ಕೆ ಕನ್ನಡಿಯಲ್ಲಿ ಸೈಕಲ್ಲು ಕಂಡಿತು, ಪಕ್ಕಕ್ಕೆ ನುಗ್ಗಲಿದ್ದ ಆಟೋ ಕಂಡಿತು, ಮುಂದೆ ರಸ್ತೆ ದಾಟಲು ಅನುಮಾನಿಸುತ್ತಿದ್ದ ಅಜ್ಜಿಯೂ ಕಂಡಳು. ಅವನು ಕಾರು ನಿಲ್ಲಿಸಿ ಅಜ್ಜಿಗೆ ಕೈಸನ್ನೆ ಮಾಡಿದ ದಿನ, ಬ್ರೇಕಮ್ಮ ಕಿಟಕಿಯ ಕಡೆ ತಿರುಗಿ ನಗುವನ್ನು ನುಂಗಿದಳು.

ಅವಳ ಮನೆಯಲ್ಲಿ ಅಮ್ಮ ಸುಮ್ಮನೆ ಬಿಡುತ್ತಾಳೆಯೇ? "ನೋಡೋಕೆ ಬಂದ ಗಂಡು ಕಾರಲ್ಲಿ ಸುತ್ತಾಡ್ಸಿದ್ರೆ, ದಾರಿಯುದ್ದಕ್ಕೂ ಇಲ್ಲದ ಬ್ರೇಕಿಗೆ ಕಾಲು ಒತ್ತಿ ಒತ್ತಿ ಅವನ ಕಾರಿನ ಚಾಪೆ ಸವೆಸಿ ಬಂದೆ. ಯಾರ ಪಕ್ಕ ಕೂತ್ರೆ ನಿನ್ನ ಕಾಲು ಸುಮ್ನಿರುತ್ತೋ ತಾಯಿ!"

ಪಾಠದ ಕೊನೆಗೆ ಪರೀಕ್ಷೆ. ಇಕ್ಕಟ್ಟಿನ ಬೀದಿಯಲ್ಲಿ, ನಿಂತ ಲಾರಿಯ ಮರೆಯಿಂದ ಸೈಕಲ್ಲೊಂದು ಸರ್ರನೆ ನುಗ್ಗಿತು.

ಅವಳ ಕಾಲು ಬ್ರೇಕಿಗೆ ಬಿತ್ತು. ಕಾರು ನಿಂತಿತು.

"ಇನ್ನೂ ಆಗಿಲ್ಲ ಡಾಕ್ಟ್ರೇ. ಸಹಿ ಹಾಕಲ್ಲ."

"ನಾನು ಆಗಲೇ ಬ್ರೇಕ್ ಒತ್ತಿದ್ದೆ ಮೇಡಮ್!"

"ನಾನು ಒತ್ತದೆ ಹೋಗಿದ್ರೆ ಆ ಸೈಕಲ್ಲಿನವನು ಚಕ್ರದಡಿ ಇರ್ತಿದ್ದ."

ಅವನ ಮುಖ ಕಂದಿತು. "ಇಷ್ಟು ದಿನ ನೀವು ಬೈದಿದ್ರಲ್ಲಿ ಒಂದೂ ಸುಳ್ಳಿರಲಿಲ್ಲ. ಇವತ್ತಿನದು ಸುಳ್ಳು. ನಿಮ್ಮ ಕಾಲಿಗೆ ಯಾರ ಮೇಲೂ ನಂಬಿಕೆ ಇಲ್ಲ."

ಕಾರನ್ನು ಅಂಚಿಗೆ ನಿಲ್ಲಿಸಿ, ಹಿಂದೆ ನೋಡಿ ಬಾಗಿಲು ತೆಗೆದು, ಅವನು ನಡೆದೇಬಿಟ್ಟ.

'ಕೋಪದಲ್ಲೂ ಹಿಂದೆ ನೋಡಿಯೇ ಬಾಗಿಲು ತೆಗೆದನಲ್ಲ...' ಅವಳ ಎದೆಯಲ್ಲಿ ಏನೋ ಚುಚ್ಚಿತು.

ಮರುದಿನ ಟೀಚರಮ್ಮ ಸ್ಟೀರಿಂಗ್ ಮುಟ್ಟಲೇ ಇಲ್ಲ.

"ಮೂವತ್ತು ವರ್ಷ ಪರೀಕ್ಷೆ ಕೋಣೇಲಿ ನಿಂತವಳು ಕಣಮ್ಮ ನಾನು. ಯಾರು ಯಾರದ್ದು ನೋಡಿ ಬರೀತಾರೆ ಅಂತ ನಂಗೆ ಗೊತ್ತಾಗುತ್ತೆ. ನಿನ್ನೆ ಹಿಂದಿಂದ ನಿಮ್ಮಿಬ್ಬರ ಕಾಲೂ ಕಾಣ್ತಿತ್ತು. ಡಾಕ್ಟ್ರ ಕಾಲೇ ಮೊದಲು. ಅವರದ್ದು ನೋಡಿ ಬರೆದೋಳು ನೀನು!"

"ನಿನ್ನೆನೇ ಯಾಕೆ ಹೇಳ್ಲಿಲ್ಲ ಟೀಚರ್?"

"ಅವರು ನಡೆದ್ಬಿಟ್ರು, ನೀನು ಉರೀತಾ ಕೂತೆ. ನೀವಿಬ್ರೂ ನಂಗೆ ಬಾಯಿ ತೆಗೆಯೋಕೆ ಬಿಟ್ರೆ ತಾನೇ?"

ಸಹಿ ಹಾಕಲು ಉಳಿದಿದ್ದು ಅದೊಂದೇ ದಿನ. ಹತ್ತು ನಿಮಿಷದಲ್ಲಿ ಕಾರು ದನದ ಆಸ್ಪತ್ರೆಯ ಮುಂದಿತ್ತು. ಅವನು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

"ನಿನ್ನೆ ತಪ್ಪು ನಂದು," ಎಂದಳು, ತಲೆ ತಗ್ಗಿಸದೆ.

ಅವನ ಕೈ ನಿಂತಿತು. "ಸಹಿ ಹಾಕೋಕೆ ಬಂದ್ರಾ?"

"ತಪ್ಪೊಪ್ಪಿಕೊಂಡೆ ಅಂತ ಸಹಿ ಪುಕ್ಕಟೆ ಸಿಗಲ್ಲ. ಇನ್ನೊಂದು ಸಲ ಓಡಿಸಿ."

ಅವನು ಕೂತ, ಬೆಲ್ಟು ಹಾಕಿದ. ಪಕ್ಕದಲ್ಲಿ ಅವಳು ಚಪ್ಪಲಿ ಬಿಟ್ಟು, ಎರಡೂ ಪಾದಗಳನ್ನು ಸೀಟಿನ ಬುಡಕ್ಕೆ ಸೇರಿಸಿಕೊಂಡಳು. ಎರಡನೆಯ ಬ್ರೇಕು ಬರಿದಾಗಿ ಉಳಿಯಿತು.

ಅವನು ಅದನ್ನು ನೋಡಿದ. ಕೀ ತಿರುಗಿಸಿದ.

ಅದೇ ಇಕ್ಕಟ್ಟಿನ ಬೀದಿ. ಮಾರುಕಟ್ಟೆ. ಶಾಲೆಗೆ ಹೊರಟ ಮಕ್ಕಳ ಗುಂಪು... ಅವಳ ಹಿಮ್ಮಡಿ ಒಂದು ಸಲ ಮಿಡುಕಿತು, ಅಷ್ಟೇ. ಊರು ದಾಟಿ ಹೊಲದ ನಡುವಿನ ರಸ್ತೆಗೆ ಬಂದಾಗ ಅವಳಿಗೇ ಅಚ್ಚರಿ. ಕಾಲು ಸುಮ್ಮನಿತ್ತು!

"ಮೇಡಮ್, ಒಂದು ಮಾತು," ಎಂದ ಅವನು, ದೃಷ್ಟಿ ರಸ್ತೆಯಿಂದ ಕೀಳದೆ. "ಸಹಿ ಸಿಗ್ಲಿ, ಬಿಡ್ಲಿ. ನನಗೆ ನೀವು ಬೇಕು. ಜೀವನಪೂರ್ತಿ."

ಅವಳು ತಟ್ಟನೆ ಅವನ ಕಡೆ ತಿರುಗಿದಳು.

"ಇಂಥ ಮಾತನ್ನ... ಮುಖ ನೋಡಿ ಹೇಳಬಾರದಾ?"

"ಗಾಡಿ ಓಡ್ತಿದೆ. ನೀವೇ ಬೈತೀರಿ."

"ಹಾಗಾದ್ರೆ ನಿಲ್ಲಿಸಿ!"

ಕನ್ನಡಿ ನೋಡಿದ. ಇಂಡಿಕೇಟರ್ ಹಾಕಿದ. ಮತ್ತೊಮ್ಮೆ ಭುಜದ ಮೇಲಿಂದ ನೋಡಿದ. ಮೆಲ್ಲಗೆ ಅಂಚಿಗೆ ತಂದ. ಗೇರು ನ್ಯೂಟ್ರಲ್. ಹ್ಯಾಂಡ್‌ಬ್ರೇಕು. ಒಂದೊಂದಕ್ಕೂ ಅವಳು ಮನಸ್ಸಿನಲ್ಲೇ ಗುರುತು ಹಾಕುತ್ತಾ ಹೋದಳು. ಒಂದನ್ನೂ ಬಿಡಲಿಲ್ಲ ಮಹಾರಾಯ!

ಕೊನೆಗೆ ಇಂಜಿನ್ ಆರಿಸಿ, ಪೂರ್ತಿ ಅವಳ ಕಡೆ ತಿರುಗಿದ.

"ಈಗ ಹೇಳ್ಲಾ?"

ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಪಾಸು," ಎಂದಳು. "ಇನ್ನು ಮನೆಗೆ ನಡೀರಿ. ನನ್ನ ಕಾಲು ಸುಮ್ಮನಿತ್ತು ಅಂದ್ರೆ ಅಮ್ಮ ನಂಬಲ್ಲ. ನೀವೇ ಬಂದು ಸಾಕ್ಷಿ ಹೇಳಬೇಕು."